ಅತಿ ಚಿಕ್ಕ ಹಗಲು ಮತ್ತು ಕ್ರೈಸ್ತರ ಆರಾಧನೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಗಳಲ್ಲಿ ಡಿಸೆಂಬರ್ ಎಂದರೆ ಜೋಳ, ಕಡಲೆ ಬೆಳೆದು ನಿಂತಿರುವ ಕಾಲ. ಎಳ್ಳಮಾವಾಸ್ಯೆಯಂದು ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿಯ ಊಟ ಮಾಡುತ್ತಾರೆ. ನೆರೆಯವರನ್ನೂ ಊಟಕ್ಕೆ ಕರೆಯುತ್ತಾರೆ. ಕೆಲವು ವರ್ಷ ಈ ಹಬ್ಬ ಡಿಸೆಂಬರ್ 21ರ ಹತ್ತಿರವೇ ಬರುತ್ತದೆ. ಅದು ವರ್ಷದ ಅತಿ ಚಿಕ್ಕ ಹಗಲಿನ ಸಮಯ. ಅಂದು ಅಲ್ಲಿ ಹಗಲು ಸುಮಾರು 11 ಗಂಟೆ. ನಮ್ಮ ಮಂಗಳೂರಿಗಿಂತ ಕಾಲು ಗಂಟೆಯಷ್ಟು ಕಡಿಮೆ.

ಹಾಗಾದರೆ ಈ ದಿನ ಕ್ರೈಸ್ತರ ಆರಾಧನೆ ಏನು? ಕ್ರಿಸ್ಮಸ್ ಕೂಡ ಸೂರ್ಯನ ಹಬ್ಬವೇ?

ಜೂಲಿಯಸ್ ಸೀಸರನ ಪಂಚಾಂಗದಲ್ಲಿ ಡಿಸೆಂಬರ್ 25ನ್ನೇ ಅತಿ ಚಿಕ್ಕ ಹಗಲೆಂದು ಎಣಿಸುತ್ತಿದ್ದರು. ಕ್ರಿ.ಶ. 274ರಲ್ಲಿ ಚಕ್ರವರ್ತಿ ಔರೇಲಿಯನ್ ರೋಮಿನಲ್ಲಿ ಸೂರ್ಯದೇವನಿಗೆ ಗುಡಿ ಕಟ್ಟಿಸಿದ. ಕ್ರಿಸ್ತಜಯಂತಿಯನ್ನು ಡಿಸೆಂಬರ್ 25ಕ್ಕೆ ಗುರುತಿಸಿದ ಅತಿ ಹಳೆಯ ದಾಖಲೆ ದೊರೆಯುವುದು 354ರ ರೋಮಿನ ಪಂಚಾಂಗದಲ್ಲಿ. ಸೂರ್ಯನ ಹಬ್ಬಕ್ಕೆ ಪ್ರತಿಯಾಗಿ ಈ ದಿನವನ್ನು ಆರಿಸಿದರೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಯೇಸು ಗರ್ಭದಲ್ಲಿ ಉದಿಸಿದ್ದು ಮಾರ್ಚ್ 25ರಂದು ಎಂಬ ನಂಬಿಕೆಯಿಂದ ಒಂಬತ್ತು ತಿಂಗಳು ಎಣಿಸಿದರೆಂಬುದು ಇನ್ನು ಕೆಲವರ ವಾದ. ಚರ್ಚೆ ಇಂದಿಗೂ ಮುಗಿದಿಲ್ಲ.

ಆದರೆ ಸೂರ್ಯಾರಾಧನೆಯನ್ನು ಧರ್ಮಸಭೆ ಒಪ್ಪಲಿಲ್ಲ. 5ನೇ ಶತಮಾನದಲ್ಲಿ ಸಂತ ಪೇತ್ರರ ಮಹಾದೇವಾಲಯದ ಮೆಟ್ಟಿಲೇರುವಾಗ ಹಿಂದಿರುಗಿ ಸೂರ್ಯನಿಗೆ ತಲೆಬಾಗುತ್ತಿದ್ದ ಭಕ್ತರನ್ನು ಪೋಪ್ ಮಹಾ ಲಿಯೋ ಕ್ರಿಸ್ಮಸ್ ಪ್ರಬೋಧನೆಯಲ್ಲೇ ಗದರಿದರು.

ಡಿಸೆಂಬರ್ 21 ಹಿಂದೆ ಸಂತ ತೋಮರ ಹಬ್ಬವಾಗಿತ್ತು. 1969ರ ಪಂಚಾಂಗ ಸುಧಾರಣೆಯಲ್ಲಿ ಅದು ಜುಲೈ 3ಕ್ಕೆ ಹೋಯಿತು. ಈಗ ಆ ದಿನ ಆಗಮನ ಕಾಲದ ಕೊನೆಯ ದಿನಗಳಲ್ಲಿ ಒಂದು. ಅಂದಿನ ಸಂಧ್ಯಾಪ್ರಾರ್ಥನೆಯಲ್ಲಿ ಧರ್ಮಸಭೆ ಕ್ರಿಸ್ತರನ್ನು 'ಉದಯ' ಎಂದು ಸಂಬೋಧಿಸಿ, ಕತ್ತಲಲ್ಲಿರುವವರಿಗೆ ಬೆಳಕಾಗಿ ಬರುವಂತೆ ಬೇಡುತ್ತದೆ. ಹಗಲು ಅತಿ ಚಿಕ್ಕದಾದ ದಿನದಲ್ಲೇ ಈ ಪ್ರಾರ್ಥನೆ ಬರುವುದು ಅರ್ಥಪೂರ್ಣ. ನಮ್ಮ ಆರಾಧನೆ ಸೂರ್ಯನಿಗಲ್ಲ, ಸೂರ್ಯನನ್ನು ಸೃಷ್ಟಿಸಿದಾತನಿಗೆ.

ಎಳ್ಳಮಾವಾಸ್ಯೆಯ ಊಟಕ್ಕೆ ಕರೆ ಬಂದರೆ ಹೋಗಬಹುದೇ ಎಂದು ಆ ಕಡೆಯ ಕ್ರೈಸ್ತರು ಕೇಳುವುದುಂಟು. ಪೂಜೆ ಬೇರೆ, ಸ್ನೇಹ ಬೇರೆ. ನೆರೆಯವರ ನಂಬಿಕೆಯನ್ನು ಹಳಿಯದೆ ಪ್ರೀತಿಯಿಂದ ಹೋಗಿ ಜೊತೆಗೆ ಕುಳಿತು ಉಣ್ಣೋಣ; ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ.