ಕ್ಷುದ್ರಗ್ರಹಗಳು ಬಾನಿನ ಚಿನ್ನದ ಗಣಿಗಳೇ?

‘ಸೈಕಿ’ ಎಂಬ ಕ್ಷುದ್ರಗ್ರಹದ ಲೋಹವನ್ನು ಹಂಚಿದರೆ ಭೂಮಿಯ ಮೇಲಿರುವವರೆಲ್ಲ ಕೋಟ್ಯಧಿಪತಿಗಳಾಗುತ್ತಾರೆ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಕ್ಷುದ್ರಗ್ರಹಗಳಲ್ಲಿ ಸಂಪತ್ತಿರುವುದು ನಿಜ. ಅದು ಎಂಥ ಸಂಪತ್ತು, ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು.

ತಪ್ಪು ಕಲ್ಪನೆ: ಸೈಕಿ ಅಪ್ಪಟ ಲೋಹದ ಉಂಡೆ.

ಸತ್ಯ: ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಸೈಕಿ ಸುಮಾರು 220 ಕಿ.ಮೀ. ಅಗಲವಿದೆ. ಕಬ್ಬಿಣದ ಉಲ್ಕಾಶಿಲೆಗಳ ಸಾಂದ್ರತೆ ನೀರಿನ ಎಂಟು ಪಟ್ಟಿನಷ್ಟಿದ್ದರೆ, ಸೈಕಿಯದು ನಾಲ್ಕು ಪಟ್ಟಿನ ಆಸುಪಾಸು. ಅಂದರೆ ಲೋಹದ ಜೊತೆ ಕಲ್ಲೋ ಟೊಳ್ಳೋ ಸಾಕಷ್ಟಿರಲೇಬೇಕು. 2023ರ ಅಕ್ಟೋಬರ್‌ನಲ್ಲಿ ಹೊರಟ ನಾಸಾ ನೌಕೆ 2029ರಲ್ಲಿ ಅಲ್ಲಿಗೆ ಮುಟ್ಟಬೇಕಿದೆ. ವಿಡಿಯೊಗಳು ಹೇಳುವ ಬೆಲೆಯಾದರೋ ಇಂದಿನ ಮಾರುಕಟ್ಟೆ ದರದ ಲೆಕ್ಕ. ಅಷ್ಟು ಕಬ್ಬಿಣ ಒಮ್ಮೆಲೇ ಬಂದರೆ ಆ ದರ ನಿಲ್ಲುವುದಿಲ್ಲ. ತರುವ ಖರ್ಚನ್ನಂತೂ ಅದರಲ್ಲಿ ಕಳೆದೇ ಇಲ್ಲ.

ತಪ್ಪು ಕಲ್ಪನೆ: ಕ್ಷುದ್ರಗ್ರಹವೆಂದರೆ ಗಟ್ಟಿ ಬಂಡೆ, ಇಳಿದು ಕೊರೆದರಾಯಿತು.

ಸತ್ಯ: 2020ರ ಅಕ್ಟೋಬರ್ 20ರಂದು ನಾಸಾದ ಒಸೈರಿಸ್-ರೆಕ್ಸ್ ನೌಕೆ ‘ಬೆನ್ನು’ ಕ್ಷುದ್ರಗ್ರಹದ ಮೇಲೆ ಮಾದರಿ ತೆಗೆಯಲು ತನ್ನ ತೋಳನ್ನು ಊರಿತು. ನೆಲ ತಡೆಯಲೇ ಇಲ್ಲ. ತೋಳು ಸುಮಾರು ಅರ್ಧ ಮೀಟರ್ ಒಳಕ್ಕೆ ಹೂತುಹೋಯಿತು. ನೌಕೆ ಕೂಡಲೇ ಹಿಮ್ಮುಖವಾಗಿ ಚಿಮ್ಮದಿದ್ದರೆ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಮಾದರಿ ಪೆಟ್ಟಿಗೆಯ ಮುಚ್ಚಳಕ್ಕೆ ಕಲ್ಲುಗಳು ಸಿಕ್ಕಿಕೊಂಡು, ಸಂದಿಯಿಂದ ಚೂರುಗಳು ಸೋರತೊಡಗಿದವು. ಬೆನ್ನು ಸಡಿಲವಾಗಿ ಕೂಡಿಕೊಂಡ ಜಲ್ಲಿ ರಾಶಿ. ಅಲ್ಲಿನ ಗುರುತ್ವ ಭೂಮಿಯದರ ಲಕ್ಷದಲ್ಲೊಂದು ಪಾಲೂ ಇಲ್ಲ. ಇಂಥ ಕಡೆ ಕೊರೆಯಲು ಹೊರಟ ಯಂತ್ರ, ತಾನೇ ಮೇಲಕ್ಕೆ ಚಿಮ್ಮಿಹೋಗದಂತೆ ಮೊದಲು ಹಿಡಿತ ಕಂಡುಕೊಳ್ಳಬೇಕು.

ತಪ್ಪು ಕಲ್ಪನೆ: ಗಣಿಗಾರಿಕೆ ಇನ್ನೇನು ಶುರುವಾಗಲಿದೆ.

ಸತ್ಯ: ಜಪಾನಿನ ಹಯಬುಸಾ-2 ನೌಕೆ ‘ರ್‍ಯುಗು’ ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು ಸುಮಾರು 5.4 ಗ್ರಾಂ. ಬೆನ್ನುವಿನಿಂದ 2023ರಲ್ಲಿ ಬಂದದ್ದು 121.6 ಗ್ರಾಂ, ಆ ಯೋಜನೆಗೆ ತಗುಲಿದ ವೆಚ್ಚ 100 ಕೋಟಿ ಡಾಲರಿಗೂ ಹೆಚ್ಚು. 2012ರಲ್ಲಿ ಭಾರಿ ಪ್ರಚಾರದೊಂದಿಗೆ ಮುಂದೆ ಬಂದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಒಂದು ಕಲ್ಲನ್ನೂ ಮುಟ್ಟದೆ 2018ರಲ್ಲಿ ಬೇರೆಯವರ ಪಾಲಾಯಿತು.

ತಪ್ಪು ಕಲ್ಪನೆ: ಮೊದಲ ಲಾಭ ಚಿನ್ನ, ಪ್ಲಾಟಿನಂನಿಂದ.

ಸತ್ಯ: ಹೆಚ್ಚು ಭರವಸೆ ಮೂಡಿಸುವುದು ನೀರು. ಇಂಗಾಲ ಹೆಚ್ಚಿರುವ ಕ್ಷುದ್ರಗ್ರಹಗಳ ಜೇಡಿ ಖನಿಜಗಳಲ್ಲಿ ನೀರಿನಂಶ ಅಡಗಿದೆ. ಅದನ್ನು ಕಾಯಿಸಿ ತೆಗೆದು ಜಲಜನಕ, ಆಮ್ಲಜನಕಗಳಾಗಿ ಒಡೆದರೆ ರಾಕೆಟ್ ಇಂಧನ ಸಿಗುತ್ತದೆ. ಭೂಮಿಯಿಂದ ಪ್ರತಿ ಲೀಟರ್ ನೀರನ್ನೂ ಹೊತ್ತೊಯ್ಯುವುದು ದುಬಾರಿಯಾದ್ದರಿಂದ, ಈ ನೀರಿಗೆ ಬೆಲೆ ಬರುವುದು ಬಾಹ್ಯಾಕಾಶದಲ್ಲೇ.

ತಪ್ಪು ಕಲ್ಪನೆ: ಗಣಿ ತೋಡದಿದ್ದರೆ ಈ ಅಧ್ಯಯನ ದಂಡ.

ಸತ್ಯ: ಬೆನ್ನುವಿನ ಮಣ್ಣಿನಲ್ಲಿ, ಜೀವಿಗಳ ಪ್ರೋಟೀನುಗಳಲ್ಲಿರುವ 20 ಅಮೈನೊ ಆಮ್ಲಗಳ ಪೈಕಿ 14 ಪತ್ತೆಯಾಗಿವೆ. 2022ರಲ್ಲಿ ನಾಸಾದ ಡಾರ್ಟ್ ನೌಕೆ ‘ಡೈಮಾರ್ಫಸ್’ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಗುದ್ದಿ, ಅದು ತನ್ನ ಜೊತೆಗಾರ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಸುಮಾರು 32 ನಿಮಿಷ ಇಳಿಸಿತು. ಮುಂದೊಂದು ದಿನ ಭೂಮಿಯತ್ತ ಬರುವ ಕಲ್ಲಿನ ದಾರಿ ತಪ್ಪಿಸಬೇಕಾದರೆ, ಅದು ಗಟ್ಟಿಯೋ ಸಡಿಲವೋ ಎಂಬುದು ನಮಗೆ ಗೊತ್ತಿರಲೇಬೇಕು. ಗಣಿಗಾರನಿಗೆ ಬೇಕಾದದ್ದೂ ಇದೇ ತಿಳಿವಳಿಕೆ. ಆದ್ದರಿಂದ ಲೋಹದ ಬೆಲೆ ಕಟ್ಟುವ ಮೊದಲು, ಇಂಥ ಅಧ್ಯಯನಗಳಿಗೆ ಹಣ ಮತ್ತು ಸಮಯ ಕೊಡುವುದೇ ಜಾಣತನ.