ದೂರ, ಬೆಳಕು ಮತ್ತು ಮಸೂರ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಕ್ರಿ.ಶ. 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ನಡೆಯಿತು. ಅದರ ಸೂರಿನ ಅಡಿಯಲ್ಲಿ ಮದನಿಕೆಯರ ವಿಗ್ರಹಗಳು ಮುಂದಕ್ಕೆ ಓರೆಯಾಗಿ ನಿಂತಿವೆ. ಕೆಳಗಿನಿಂದ ತಲೆಯೆತ್ತಿ ನೋಡುವವನ ಕಣ್ಣಿಗೆ ಅವು ಸೊಗಸಾಗಿ ಒಪ್ಪುತ್ತವೆ. ಆದರೆ ಛಾಯಾಗ್ರಾಹಕನು ವಿಗ್ರಹದ ಬುಡದಲ್ಲೇ ನಿಂತು ಕ್ಯಾಮರಾವನ್ನು ಮೇಲಕ್ಕೆತ್ತಿದರೆ, ಪಾದಗಳು ದಪ್ಪವಾಗಿಯೂ ತಲೆಯು ಚಿಕ್ಕದಾಗಿಯೂ ಮೂಡುತ್ತವೆ. ದೋಷವು ಶಿಲ್ಪದ್ದಲ್ಲ, ಕ್ಯಾಮರಾದ್ದೂ ಅಲ್ಲ, ನಿಂತ ಸ್ಥಳದ್ದು. ಹತ್ತಾರು ಹೆಜ್ಜೆ ಹಿಂದೆ ಸರಿದು, 200 ಮಿ.ಮೀ. ಸಂಗಮದೂರದ ಮಸೂರವನ್ನು ಬಳಸಿದರೆ ಅಂಗಾಂಗಗಳ ಪ್ರಮಾಣವು ಅಷ್ಟಾಗಿ ಕೆಡುವುದಿಲ್ಲ. ಆದುದರಿಂದ ಮೊದಲು ನಿಲ್ಲುವ ಸ್ಥಳವನ್ನೂ, ಬಳಿಕ ಮಸೂರವನ್ನೂ ಆರಿಸಬೇಕು.

ಬಹುದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರವನ್ನು ದಾಟಿ ಒಂದುಗೂಡುವ ಬಿಂದುವಿಗೂ ಮಸೂರಕ್ಕೂ ಇರುವ ಅಂತರವೇ ಸಂಗಮದೂರ. 35 ಮಿ.ಮೀ. ಫಿಲ್ಮಿನ ಕ್ಯಾಮರಾದಲ್ಲಿ 24 ಮಿ.ಮೀ. ಮಸೂರವು ವಿಶಾಲವಾದ ಅಂಗಳವನ್ನು ಒಂದೇ ನೋಟಕ್ಕೆ ಹಿಡಿಯಬಲ್ಲದು. 400 ಮಿ.ಮೀ. ಮಸೂರದ ನೋಟವು ಸುಮಾರು ಆರು ಡಿಗ್ರಿಗಳಷ್ಟು ಮಾತ್ರ. ಆದರೆ ಅದರಲ್ಲಿ ವಸ್ತುವು 50 ಮಿ.ಮೀ. ಮಸೂರದಲ್ಲಿ ಕಾಣುವುದಕ್ಕಿಂತ ಎಂಟು ಪಟ್ಟು ದೊಡ್ಡದಾಗಿ ಮೂಡುತ್ತದೆ.

ಬೇಲೂರಿನಿಂದ 16 ಕಿ.ಮೀ. ದೂರದ ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆಯಿದೆ. ಶಿಲ್ಪವು ಕಾದು ನಿಲ್ಲುತ್ತದೆ, ದಡದ ಬೆಳ್ಳಕ್ಕಿ ನಿಲ್ಲುವುದಿಲ್ಲ. ಸಣ್ಣ ಮಸೂರ ಹಿಡಿದವನು ಅದರ ಬಳಿಗೆ ಹೋಗಲೇಬೇಕಾಗುತ್ತದೆ. ಹೋದೊಡನೆ ಹಕ್ಕಿ ಹಾರುತ್ತದೆ. ಗೂಡಿನ ಬಳಿಯಾದರೆ ಕೇಡು ಇನ್ನೂ ಹೆಚ್ಚು. ತಾಯಿಹಕ್ಕಿ ಎದ್ದುಹೋದಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ಒಡ್ಡಿಕೊಂಡಿರುತ್ತವೆ. ಉದ್ದ ಮಸೂರವು ಆ ಅಂತರವನ್ನು ಉಳಿಸಿಕೊಡುತ್ತದೆ. ಆದರೆ ಅದು ಹಕ್ಕಿಯ ಜೊತೆಗೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಕೈಯಲ್ಲೇ ಹಿಡಿದು ತೆಗೆಯುವುದಾದರೆ 400 ಮಿ.ಮೀ. ಮಸೂರಕ್ಕೆ ಸೆಕೆಂಡಿನ 400ನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬೆಳಕು ಬಿಡಬಾರದೆಂಬುದು ಹಳೆಯ ರೂಢಿ. ಇಲ್ಲವಾದರೆ ಮೂರು ಕಾಲಿನ ಆಧಾರ ಬೇಕು.

ಇದೇ ಹಾಸನ ಜಿಲ್ಲೆಯ ಅರಸೀಕೆರೆಯ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ. ಅವು ಹೆಚ್ಚಾಗಿ ಹೊರಬರುವುದು ಸಂಜೆ ಕವಿದ ಮೇಲೆ. ಆಗ ಮಸೂರದ ಉದ್ದಕ್ಕಿಂತ ಅದರ ದ್ವಾರದ ಅಗಲವೇ ಮುಖ್ಯ. ದ್ವಾರದ ಅಂಕಿ ಚಿಕ್ಕದಾದಷ್ಟೂ ದ್ವಾರವು ಅಗಲ: 2.8ರಲ್ಲಿ ಒಳಬರುವ ಬೆಳಕು 5.6ರಲ್ಲಿ ಬರುವುದರ ನಾಲ್ಕರಷ್ಟು. ಅಂತಹ 400 ಮಿ.ಮೀ. ಮಸೂರವು ಸುಮಾರು ಮೂರು ಕಿಲೋಗ್ರಾಂ ತೂಗುತ್ತದೆ, ಬೆಲೆಯೂ ಅಪಾರ. ಬಂಡೆಗಳ ನಡುವೆ ಅದರ ಭಾರವೆಷ್ಟೆಂಬುದು ಹೊತ್ತವನಿಗೇ ಗೊತ್ತು. ಹಾಗೆಂದು ಹಗುರವಾದ ಸಣ್ಣ ಮಸೂರ ಹಿಡಿದು ಸಮೀಪಿಸುವಂತಿಲ್ಲ. ಕರಡಿಯ ದೃಷ್ಟಿ ಮಂದ. ಹಠಾತ್ತನೆ ಎದುರಾದ ಮನುಷ್ಯನ ಮೇಲೆ ಅದು ಎರಗುತ್ತದೆ. ಅನುಭವಿಗಳು ಬೆಳಕು ಸಾಲದೆಂದು ಕಂಡೊಡನೆ ಚಿತ್ರದ ಆಸೆಯನ್ನು ಬಿಟ್ಟು, ದಾರಿ ಕಾಣುತ್ತಿರುವಾಗಲೇ ಗುಡ್ಡ ಇಳಿಯುತ್ತಾರೆ.