ನಿಮಗಿದು ಗೊತ್ತೆ? ಒಂದೇ ಸಾಲಿಗೆ ಬರುವ ಕನ್ನಡ

ಲಿನಕ್ಸ್‌ನಲ್ಲಿ ಕನ್ನಡ ಟೈಪಿಸಲು ತಂತ್ರಾಂಶ ಹುಡುಕಿ ಅಲೆಯಬೇಕಿಲ್ಲ. ಉಬುಂಟುವಿನ ಟರ್ಮಿನಲ್ ತೆರೆದು (ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ) ‘ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಹೊಸಬರು ಗಾಬರಿಯಾಗುವುದು ಆಮೇಲೆ: ಪಾಸ್‌ವರ್ಡ್ ಕೇಳುತ್ತದೆ, ಆದರೆ ಹೆಚ್ಚಿನ ಆವೃತ್ತಿಗಳಲ್ಲಿ ಎಷ್ಟು ಕುಟ್ಟಿದರೂ ಪರದೆ ಮೇಲೆ ಒಂದು ಚುಕ್ಕಿಯೂ ಮೂಡದು. ಕೀಬೋರ್ಡ್ ಕೆಟ್ಟಿಲ್ಲ, ಅಕ್ಷರಗಳೆಷ್ಟು ಎಂಬುದೂ ಪಕ್ಕದವರಿಗೆ ತಿಳಿಯಬಾರದೆಂದೇ ಈ ಏರ್ಪಾಡು. ನೆಟ್ ಚೆನ್ನಾಗಿದ್ದರೆ ಕಲ್ಲಡ್ಕದ ಪದರದ ಚಹಾ ‘ಕೆ.ಟಿ.’ಯ ಹಾಲು–ಡಿಕಾಕ್ಷನ್ ಬೆರೆಯುವ ಮೊದಲೇ ಕೆಲಸ ಮುಗಿದಿರುತ್ತದೆ. ಲಾಗೌಟ್ ಆಗಿ ಮರಳಿದರೆ ಸೆಟ್ಟಿಂಗ್ಸ್‌ನ ಕನ್ನಡ ಪಟ್ಟಿಯಲ್ಲಿ ‘ಕೆಜಿಪಿ’ ಕೀಲಿಮಣೆ ಸಿಗುತ್ತದೆ. ಅದರ ಮೂಲ ವಿನ್ಯಾಸ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರದೇ, ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಕೈಬರಹದಂಥ ಅಕ್ಷರ ಬೇಕೆನ್ನುವವರಿಗೆ ‘ಫಾಂಟ್ಸ್-ನವಿಲು’ ಎಂಬ ಪ್ಯಾಕೇಜೂ ಉಂಟು, ಅದನ್ನೂ ಹೀಗೇ ಟರ್ಮಿನಲ್‌ನಿಂದ ಹಾಕಿಕೊಳ್ಳಬಹುದು.